ಹದಿನೈದಕ್ಕೆ ಬ್ಯಾಸ್ಕೆಟ್‌ಬಾಲ್ ಹಿಡಿದ ಹಕೀಮ್ ಒಲಾಜುವಾನ್: ಅವರ ಬದುಕು, ಆಟ, ಮತ್ತು ನಮ್ಮ ಮಕ್ಕಳ ಪ್ರಶ್ನೆ

ವಾಸ್ಕೋ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ಕಡೆ, ಮದುವೆಯಾದಾಗಿನಿಂದ ಗೋವಾದಲ್ಲಿದ್ದೇನೆ. ಮಗನಿಗೆ ಹದಿನೈದು. ಇಲ್ಲಿನ ಎಲ್ಲ ಮಕ್ಕಳಂತೆ ಫುಟ್‌ಬಾಲ್ ಆಡುತ್ತಲೇ ಬೆಳೆದವನು, ಶಾಲೆಯ ತಂಡದಲ್ಲಿ ಗೋಲ್‌ಕೀಪರ್. ಈಚೆಗೆ ಒಮ್ಮೆಲೇ ಎತ್ತರವಾದ. ಈಗ ಬ್ಯಾಸ್ಕೆಟ್‌ಬಾಲ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. ‘ಈ ವಯಸ್ಸಿನಲ್ಲಿ ಹೊಸ ಆಟ ಏಕೆ, ಮೊದಲು ಹತ್ತನೆಯ ತರಗತಿ ಮುಗಿಯಲಿ’ ಎಂಬುದು ಅವನ ತಂದೆಯ ಮಾತು. ಮಗನ ಬಾಯಲ್ಲಿ ಒಂದೇ ಹೆಸರು, ಒಲಾಜುವಾನ್. ‘ಅವರೂ ಗೋಲ್‌ಕೀಪರ್ ಆಗಿದ್ದರು, ಅವರೂ ಹದಿನೈದಕ್ಕೇ ಆರಂಭಿಸಿದರು’ ಎನ್ನುತ್ತಾನೆ. ನನಗೆ ಈ ಆಟದ ಗಂಧವೇ ಇಲ್ಲ. ಈ ಮನುಷ್ಯ ಯಾರು, ಹೇಗೆ ಬೆಳೆದರು ಎಂದು ಬಲ್ಲವರು ವಿವರವಾಗಿ ಹೇಳಿದರೆ ಮನೆಯಲ್ಲಿ ಮಾತಾಡಲು ನನಗೊಂದು ದಾರಿ ಸಿಗುತ್ತದೆ.

ಡೆಕ್ಕನ್ ಅಂಗಳ (ಪುಣೆ)

ಅಕ್ಕ, ನಿಮ್ಮ ಮಗ ಹೇಳಿದ್ದು ನಿಜ. ನಾನು ಪುಣೆಯಲ್ಲಿ ಶಾಲಾ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತೇನೆ. ಯಾವ ಹುಡುಗ ಬಂದು ‘ಯಾರ ಆಟ ನೋಡಲಿ ಸರ್’ ಎಂದು ಕೇಳಿದರೂ ಮೊದಲು ಹೇಳುವ ಹೆಸರು ಇವರದೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಕೀಮ್ ಒಲಾಜುವಾನ್ ಹುಟ್ಟಿದ್ದು 1963ರ ಜನವರಿ 21ರಂದು, ನೈಜೀರಿಯಾದ ಲಾಗೋಸ್ ನಗರದಲ್ಲಿ. ಯೊರುಬಾ ಮುಸ್ಲಿಂ ಕುಟುಂಬ, ತಂದೆ ತಾಯಿಗೆ ಸಿಮೆಂಟ್ ವ್ಯಾಪಾರ. ಊರಿಗೆ ಊರೇ ಫುಟ್‌ಬಾಲ್ ಹುಚ್ಚಿನದು. ಇವರು ಗೋಲ್‌ಕೀಪರ್ ಆಗಿ ನಿಂತರು, ಶಾಲೆಯಲ್ಲಿ ಹ್ಯಾಂಡ್‌ಬಾಲನ್ನೂ ಆಡಿದರು. ಹದಿನೈದರ ಹೊತ್ತಿಗೆ, ಪಂದ್ಯಾವಳಿಯೊಂದಕ್ಕೆ ಎತ್ತರದ ಹುಡುಗ ಬೇಕಾಗಿದ್ದಾಗ, ಬ್ಯಾಸ್ಕೆಟ್‌ಬಾಲ್ ತಂಡದವರ ಕಣ್ಣಿಗೆ ಬಿದ್ದರು. ಅಲ್ಲಿಂದ ಎರಡೇ ವರ್ಷಕ್ಕೆ, 1980ರಲ್ಲಿ, ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಹೋದರು. ಯಾರೂ ಹಾರ ತುರಾಯಿ ಹಿಡಿದು ಕಾಯುತ್ತಿರಲಿಲ್ಲ. ವಿಮಾನ ನಿಲ್ದಾಣದಿಂದ ತರಬೇತುದಾರ ಗೈ ಲೂಯಿಸ್ ಅವರಿಗೆ ಫೋನ್ ಮಾಡಿದರೆ, ಟ್ಯಾಕ್ಸಿ ಹಿಡಿದು ಬಾ ಎಂಬ ಉತ್ತರ ಬಂತು.

ಮೊದಲ ವರ್ಷ ಅವರನ್ನು ಪಂದ್ಯಕ್ಕೇ ಇಳಿಸಲಿಲ್ಲ. ಮೈಯಲ್ಲಿ ತೂಕವಿರಲಿಲ್ಲ, ಆಟದ ಎಷ್ಟೋ ಸಂಗತಿಗಳು ತಿಳಿದಿರಲಿಲ್ಲ. ಬೇಸಿಗೆಯಲ್ಲಿ ಅವರು ಹ್ಯೂಸ್ಟನ್ನಿನ ಫೋಂಡ್ ಎಂಬ ಸಾರ್ವಜನಿಕ ಕ್ರೀಡಾ ಕೇಂದ್ರಕ್ಕೆ ಹೋಗತೊಡಗಿದರು. ಅಲ್ಲಿ ಆಡಲು ಬರುತ್ತಿದ್ದವರು ಮೋಸೆಸ್ ಮಲೋನ್, ಆಗಿನ ಹ್ಯೂಸ್ಟನ್ ರಾಕೆಟ್ಸ್ ತಂಡದ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ), ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ಅತ್ಯುತ್ತಮ ಆಟಗಾರರಲ್ಲೊಬ್ಬರು. ಈ ಹುಡುಗನನ್ನು ಅವರು ಮೈಯೊಡ್ಡಿ ತಳ್ಳಿದರು, ರೀಬೌಂಡ್‌ಗಳನ್ನು, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡುಗಳನ್ನು, ಕೈಯಿಂದ ಕಿತ್ತುಕೊಂಡರು, ದಯೆ ತೋರಿಸಲಿಲ್ಲ. ಒಲಾಜುವಾನ್ ಮರುದಿನ ಮತ್ತೆ ಹೋದರು. ಕಾಲೇಜು ಹುಡುಗನೊಬ್ಬನಿಗೆ ದಿನವೂ ಅಂಥ ಎದುರಾಳಿ ಸಿಗುವುದಕ್ಕಿಂತ ದೊಡ್ಡ ಶಾಲೆ ಬೇರೆ ಯಾವುದಿದೆ?

ಆಮೇಲೆ ಮೂರು ವರ್ಷ ಸತತವಾಗಿ, 1982ರಿಂದ 1984ರವರೆಗೆ, ಅವರ ತಂಡ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಕೊನೆಯ ನಾಲ್ಕರ ಘಟ್ಟ ತಲುಪಿತು. ಒಮ್ಮೆಯೂ ಗೆಲ್ಲಲಿಲ್ಲ. 1983ರ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ತಂಡದ ಲೊರೆಂಜೊ ಚಾರ್ಲ್ಸ್ ಕೊನೆಯ ಕ್ಷಣದಲ್ಲಿ ಚೆಂಡನ್ನು ಬುಟ್ಟಿಗೆ ಒತ್ತಿದರು, 54-52. ಸೋತ ತಂಡದಲ್ಲಿದ್ದೂ ಪಂದ್ಯಾವಳಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂದದ್ದು ಒಲಾಜುವಾನ್‌ಗೆ. ಮರುವರ್ಷ ಪ್ಯಾಟ್ರಿಕ್ ಯೂಯಿಂಗ್ ಅವರ ಜಾರ್ಜ್‌ಟೌನ್ ಎದುರು ಮತ್ತೆ ಸೋಲು.

ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಎನ್‌ಬಿಎಯ 1984ರ ಆಯ್ಕೆಯಲ್ಲಿ ಮೊದಲ ಸರದಿ ಯಾರದೆಂದು ಹ್ಯೂಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವೆ ನಾಣ್ಯ ಚಿಮ್ಮಿ ನಿರ್ಧರಿಸಿದರು. ಹ್ಯೂಸ್ಟನ್ ಗೆದ್ದು ಒಲಾಜುವಾನ್ ಅವರನ್ನು ಆರಿಸಿತು. ಅದೇ ಸಾಲಿನಲ್ಲಿ ಮೂರನೆಯವರಾಗಿ ಆಯ್ಕೆಯಾದವರು ಮುಂದೆ ಈ ಆಟದ ಅತಿ ದೊಡ್ಡ ತಾರೆಯಾದ ಮೈಕೆಲ್ ಜೋರ್ಡಾನ್. ಆದರೂ ಹ್ಯೂಸ್ಟನ್ ತಪ್ಪು ಮಾಡಿತೆಂದು ಯಾರೂ ಹೇಳುವುದಿಲ್ಲ. ಒಲಾಜುವಾನ್ ಎಂಥ ಆಟಗಾರ ಎಂಬುದಕ್ಕೆ ನನ್ನ ಮಟ್ಟಿಗೆ ಇದೊಂದೇ ಸಾಕು.

ನಾಗಪಾಡಾ34 (ಮುಂಬೈ)

ಡೆಕ್ಕನ್ ಸರ್, ಬಹಳ ಚೆನ್ನಾಗಿ ಬರೆದಿದ್ದೀರಿ. ನನ್ನ ಹೆಸರಿನ ಪಕ್ಕದ 34 ಅವರ ಅಂಗಿಯ ಸಂಖ್ಯೆಯೇ. ಮೂಲ ಕಲಬುರಗಿ, ಹುಟ್ಟಿ ಬೆಳೆದದ್ದು ನಾಗಪಾಡಾದಲ್ಲಿ. ಹೊರಗಿನವರಿಗೆ ತಿಳಿದಿರಲಿಕ್ಕಿಲ್ಲ: ಕ್ರಿಕೆಟ್ಟೇ ಉಸಿರಾಗಿರುವ ಈ ಮಹಾನಗರದ ನಡುವೆ ನಮ್ಮ ಪೇಟೆ ಬ್ಯಾಸ್ಕೆಟ್‌ಬಾಲ್ ಪೇಟೆ. ಭಾರತ ತಂಡದ ನಾಯಕರಾಗಿದ್ದ, ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಾಸಿರ್ ನಮ್ಮ ನಾಗಪಾಡಾದವರು. ಇಲ್ಲಿ ಕಾರ್ಖಾನೆ ಕೆಲಸಗಾರರ ಮಕ್ಕಳು, ಅಂಗಡಿಯವರ ಮಕ್ಕಳು ಸಂಜೆಯಾದರೆ ಅಂಗಳದಲ್ಲಿರುತ್ತಾರೆ. ನಮ್ಮವರಿಗೆ ಒಲಾಜುವಾನ್ ಅಂದರೆ ಏಕೆ ಅಷ್ಟು ಅಭಿಮಾನ ಎಂದರೆ, ರೋಜಾ.

1995ರ ಫೆಬ್ರವರಿಯಲ್ಲಿ ರಂಜಾನ್ ಬಂದಿತ್ತು. ಎನ್‌ಬಿಎ ಋತುವಿನ ನಡುಮಧ್ಯ. ಅವರು ಬೆಳಗಿನ ಜಾವ ಖರ್ಜೂರ ತಿಂದು ನೀರು ಕುಡಿದರೆ ಸೂರ್ಯ ಮುಳುಗುವವರೆಗೆ ತೊಟ್ಟು ನೀರಿಲ್ಲ. ಹಗಲು ಪಂದ್ಯವಿದ್ದ ದಿನವೂ ಹಾಗೆಯೇ ಆಡಿದರು. ಆ ತಿಂಗಳ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು. ನಮ್ಮ ಉಸ್ತಾದರು ಈ ಕಥೆಯನ್ನು ಪ್ರತಿ ವರ್ಷ ಹೇಳುತ್ತಿದ್ದರು.

ಡೊಂಬಿವಲಿ ಲೋಕಲ್

ಗೌರವದಿಂದಲೇ ಒಂದು ತಕರಾರು. ಒಲಾಜುವಾನ್ ದೊಡ್ಡವರು, ಒಪ್ಪುತ್ತೇನೆ. ಆದರೆ ಅವರ ಎರಡೂ ಚಾಂಪಿಯನ್ ಪಟ್ಟಗಳು 1994 ಮತ್ತು 1995ರವು. ಜೋರ್ಡಾನ್ 1993ರ ಅಕ್ಟೋಬರ್‌ನಲ್ಲಿ ಆಟ ಬಿಟ್ಟು ಬೇಸ್‌ಬಾಲ್‌ಗೆ ಹೋಗಿದ್ದ ಕಾಲ. ಅದಕ್ಕೆ ಮುಂಚೆ ಮೂರು ವರ್ಷ ಪಟ್ಟ ಜೋರ್ಡಾನ್ ಅವರ ತಂಡ ಚಿಕಾಗೊದ್ದು, ಅದರ ನಂತರ ಮೂರು ವರ್ಷವೂ ಚಿಕಾಗೊದ್ದೇ. ನಡುವೆ ಬಾಗಿಲು ತೆರೆದಿದ್ದಾಗ ಒಳಗೆ ಬಂದವರನ್ನು ಸಾರ್ವಕಾಲಿಕ ಶ್ರೇಷ್ಠರ ಸಾಲಿನಲ್ಲಿ ಎಷ್ಟು ಮುಂದೆ ಕೂರಿಸಬೇಕು?

ಇನ್ನೊಂದು. ಬ್ಲಾಕ್‌ಗಳ, ಅಂದರೆ ಎದುರಾಳಿಯ ಹೊಡೆತವನ್ನು ಗಾಳಿಯಲ್ಲೇ ತಡೆದದ್ದರ ದಾಖಲೆ, 3,830, ಇವತ್ತಿಗೂ ಅವರ ಹೆಸರಿನಲ್ಲಿದೆ. ಸರಿ. ಆದರೆ ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸತೊಡಗಿದ್ದೇ 1973-74ರಲ್ಲಿ. ಅದಕ್ಕೂ ಹಿಂದಿನ ದೊಡ್ಡ ಸೆಂಟರ್‌ಗಳಾದ ಬಿಲ್ ರಸೆಲ್, ವಿಲ್ಟ್ ಚೇಂಬರ್ಲಿನ್ ಆಡಿದ ಕಾಲದ ಲೆಕ್ಕವೇ ಇಲ್ಲ.

ಮಾಟುಂಗಾ ಮೇಷ್ಟ್ರು

ಡೊಂಬಿವಲಿಯವರೇ, ಬ್ಲಾಕ್ ವಿಚಾರದಲ್ಲಿ ನಿಮ್ಮ ಮಾತು ನ್ಯಾಯವಾದದ್ದು. ದಾಖಲೆಯನ್ನು ಹೇಳುವಾಗ ಲೆಕ್ಕ ಆರಂಭವಾದ ವರ್ಷವನ್ನೂ ಹೇಳುವುದು ಒಳ್ಳೆಯ ಅಭ್ಯಾಸ. ಆದರೆ ಇದನ್ನೂ ಪಕ್ಕದಲ್ಲಿಡಿ: ಎರಡು ಸಾವಿರಕ್ಕೂ ಹೆಚ್ಚು ಬ್ಲಾಕ್ ಮತ್ತು ಎರಡು ಸಾವಿರಕ್ಕೂ ಹೆಚ್ಚು ಸ್ಟೀಲ್, ಎರಡನ್ನೂ ಮಾಡಿದವರು ಇವರೊಬ್ಬರೇ. ಸ್ಟೀಲ್ ಎಂದರೆ ಎದುರಾಳಿಯ ಕೈಯಿಂದ ಚೆಂಡು ಕಸಿಯುವುದು. ಅದು ಸಾಮಾನ್ಯವಾಗಿ ಗಿಡ್ಡ, ಚುರುಕು ಗಾರ್ಡ್‌ಗಳ ಕೆಲಸ. ಬುಟ್ಟಿಯ ಕೆಳಗೆ ನಿಲ್ಲುವ ದೈತ್ಯದೇಹಿ ಅದನ್ನು ಮಾಡಿದ್ದು ಗೋಲ್‌ಕೀಪರ್‌ನ ಕಣ್ಣು ಮತ್ತು ಕೈಗಳಿಂದ. ವಾಸ್ಕೋದ ತಾಯಿಯವರು ಇದನ್ನು ಗಮನಿಸಬೇಕು.

ಜೋರ್ಡಾನ್ ವಿಚಾರಕ್ಕೆ ಬರುತ್ತೇನೆ. 1995ರ ಮಾರ್ಚ್‌ನಲ್ಲಿ ಜೋರ್ಡಾನ್ ಮರಳಿ ಬಂದಿದ್ದರು. ಆ ವರ್ಷ ಚಿಕಾಗೊವನ್ನು ಪ್ಲೇಆಫ್‌ನಲ್ಲಿ (ಋತುವಿನ ಕೊನೆಯ ನಾಕೌಟ್ ಸುತ್ತುಗಳಲ್ಲಿ) ಹೊರಗೆ ಕಳಿಸಿದ್ದು ಶಕೀಲ್ ಓನೀಲ್ ಇದ್ದ ಒರ್ಲ್ಯಾಂಡೊ. ಅದೇ ಒರ್ಲ್ಯಾಂಡೊವನ್ನು ಹ್ಯೂಸ್ಟನ್ ಫೈನಲ್‌ನಲ್ಲಿ 4-0ಯಿಂದ ಸೋಲಿಸಿತು. ಜೋರ್ಡಾನ್ ಆಗಷ್ಟೇ ಬಂದಿದ್ದರು, ಮೈ ಇನ್ನೂ ಹದಕ್ಕೆ ಬಂದಿರಲಿಲ್ಲ ಎಂದು ನೀವು ಹೇಳಬಹುದು. ಇರಲಿ. ಆದರೆ ಆ ವರ್ಷ ಹ್ಯೂಸ್ಟನ್ ನಡೆದ ದಾರಿ ನೋಡಿ. ಋತುವಿನಲ್ಲಿ 47 ಗೆಲುವು, ಲೀಗ್‌ನ ಪಶ್ಚಿಮ ವಲಯದಲ್ಲಿ ಆರನೆಯ ಸ್ಥಾನ. ಎದುರಿಗೆ ಬಂದ ತಂಡಗಳ ಗೆಲುವು ಕ್ರಮವಾಗಿ 60, 59, 62, 57: ಯೂಟಾ, ಫೀನಿಕ್ಸ್, ಸ್ಯಾನ್ ಆಂಟೋನಿಯೊ, ಒರ್ಲ್ಯಾಂಡೊ. ಫೀನಿಕ್ಸ್ ಎದುರಿನ ಏಳು ಪಂದ್ಯಗಳ ಸರಣಿಯಲ್ಲಿ 3-1ರಿಂದ ಹಿಂದಿದ್ದು ಸತತ ಮೂರು ಪಂದ್ಯ ಗೆದ್ದರು. ಅಷ್ಟು ಕೆಳಗಿನ ಸ್ಥಾನದಿಂದ ಎನ್‌ಬಿಎ ಪಟ್ಟ ಗೆದ್ದ ತಂಡ ಇನ್ನೊಂದಿಲ್ಲ. ಇದು ತೆರೆದಿದ್ದ ಬಾಗಿಲಲ್ಲ. ಒಂದೊಂದನ್ನೂ ಒದ್ದು ತೆರೆದದ್ದು.

ಡೊಂಬಿವಲಿ ಲೋಕಲ್

ಮೇಷ್ಟ್ರೇ, 1995ರ ಬಗ್ಗೆ ನಿಮ್ಮ ವಾದ ಗಟ್ಟಿಯಾಗಿದೆ. ಆದರೆ ಅಲ್ಲಿ ಕ್ಲೈಡ್ ಡ್ರೆಕ್ಸ್‌ಲರ್ ಕೂಡ ಇದ್ದರಲ್ಲ? 1994ರಲ್ಲಿ ಅವರಿರಲಿಲ್ಲ, ಜೋರ್ಡಾನ್ ಕೂಡ ಇರಲಿಲ್ಲ. ಆ ವರ್ಷದ ಗೆಲುವನ್ನು ಹೇಗೆ ಅಳೆಯುತ್ತೀರಿ?

ಡೆಕ್ಕನ್ ಅಂಗಳ (ಪುಣೆ)

ಮೇಷ್ಟ್ರ ಪರವಾಗಿ ನಾನು ಹೇಳುತ್ತೇನೆ. ಡ್ರೆಕ್ಸ್‌ಲರ್ ಕಾಲೇಜಿನಲ್ಲಿ ಒಲಾಜುವಾನ್ ಜೊತೆ ಆಡಿದವರು, 1995ರ ಫೆಬ್ರವರಿಯಲ್ಲಿ ಹ್ಯೂಸ್ಟನ್‌ಗೆ ಬಂದರು. 1994ರ ತಂಡದಲ್ಲಿ ಅಂಥ ಇನ್ನೊಬ್ಬ ದೊಡ್ಡ ತಾರೆ ಇರಲಿಲ್ಲ. ಆ ಋತುವಿನಲ್ಲಿ ಒಲಾಜುವಾನ್ ಲೀಗ್‌ನ ಅತ್ಯಮೂಲ್ಯ ಆಟಗಾರ, ಅತ್ಯುತ್ತಮ ರಕ್ಷಣಾ ಆಟಗಾರ, ಫೈನಲ್‌ನ ಅತ್ಯಮೂಲ್ಯ ಆಟಗಾರ, ಈ ಮೂರನ್ನೂ ಗೆದ್ದರು. ಒಂದೇ ಋತುವಿನಲ್ಲಿ ಆ ಮೂರನ್ನೂ ಪಡೆದವರು ಎನ್‌ಬಿಎ ಇತಿಹಾಸದಲ್ಲಿ ಬೇರೆ ಯಾರೂ ಇಲ್ಲ. ಜೋರ್ಡಾನ್ ಕೂಡ ಇಲ್ಲ.

ಫೈನಲ್ ಮತ್ತೆ ಯೂಯಿಂಗ್ ಎದುರು, ನ್ಯೂಯಾರ್ಕ್ ವಿರುದ್ಧ. ಹ್ಯೂಸ್ಟನ್ 3-2ರಿಂದ ಹಿಂದಿತ್ತು. ಆರನೆಯ ಪಂದ್ಯದ ಕೊನೆಯ ಕ್ಷಣಗಳಲ್ಲಿ 86-84. ಜಾನ್ ಸ್ಟಾರ್ಕ್ಸ್ ಮೂರು ಅಂಕದ ಹೊಡೆತಕ್ಕೆ ಮೇಲೆದ್ದರು. ಹೋಗಿದ್ದರೆ ಪಟ್ಟ ನ್ಯೂಯಾರ್ಕ್‌ಗೆ. ಒಲಾಜುವಾನ್ ತಮ್ಮ ಆಟಗಾರನನ್ನು ಬಿಟ್ಟು ಹೊರಗೋಡಿ ಬಂದು ಬೆರಳ ತುದಿಯಲ್ಲಿ ಚೆಂಡನ್ನು ಸವರಿದರು. ಅದು ಬುಟ್ಟಿಯನ್ನು ಮುಟ್ಟಲೇ ಇಲ್ಲ. ಏಳನೆಯ ಪಂದ್ಯ 90-84. ಹ್ಯೂಸ್ಟನ್ ನಗರದ ದೊಡ್ಡ ವೃತ್ತಿಪರ ತಂಡಗಳು ತಮ್ಮ ಲೀಗ್‌ಗಳಲ್ಲಿ ಎಷ್ಟೋ ವರ್ಷ ಬರಿಗೈಯಲ್ಲಿದ್ದ ಕಾಲವದು. ಆ ನಗರದವರಿಗೆ ಆ ಬೆರಳ ತುದಿಯ ಬೆಲೆ ಏನೆಂದು ಊಹಿಸಿ.

ಫೋಂಡಾದ ಓದುಗ

ಅವರ ಹೆಸರನ್ನು ಹಳೆಯ ವಿಡಿಯೊಗಳಲ್ಲಿ ‘ಅಕೀಮ್’ ಎಂದು ಕರೆಯುವುದನ್ನು ಕೇಳಿದ್ದೇನೆ. ಏಕೆ?

ನಾಗಪಾಡಾ34 (ಮುಂಬೈ)

ಅಮೆರಿಕಕ್ಕೆ ಹೋದಾಗ ಅಲ್ಲಿನವರು ಹಾಗೆ ಬರೆದುಕೊಂಡರು. ಅವರು ವರ್ಷಗಟ್ಟಲೆ ಸುಮ್ಮನಿದ್ದು, 1991ರಲ್ಲಿ ‘ಹಕೀಮ್’ ಎಂದು ಸರಿಪಡಿಸಿದರು. ಧರ್ಮದ ಆಚರಣೆಗೆ ಅವರು ಗಟ್ಟಿಯಾಗಿ ಮರಳಿದ್ದೂ ಆ ಹೊತ್ತಿನಲ್ಲೇ.

ವಾಸ್ಕೋ ತಾಯಿ

ಎಲ್ಲರಿಗೂ ಧನ್ಯವಾದ. ಮಗನ ಜೊತೆ ಕುಳಿತು ಓದುತ್ತಿದ್ದೇನೆ, ಮೋಸೆಸ್ ಮಲೋನ್ ಭಾಗವನ್ನು ಅವನೇ ಎರಡು ಸಲ ಓದಿದ. ಎರಡು ಪ್ರಶ್ನೆ. ಫುಟ್‌ಬಾಲ್‌ನಿಂದ ಬಂದದ್ದು ಅವರಿಗೆ ನಿಜವಾಗಿ ಹೇಗೆ ಸಹಾಯವಾಯಿತು? ಮತ್ತೆ, 1984ರಿಂದ 1994ರವರೆಗೆ ಹತ್ತು ವರ್ಷ ಪಟ್ಟವಿಲ್ಲದೆ ಏನು ಮಾಡಿದರು? ಆ ನಡುವಿನ ಕಾಲದ ಬಗ್ಗೆ ಯಾರೂ ಬರೆಯಲಿಲ್ಲ.

ಡೆಕ್ಕನ್ ಅಂಗಳ (ಪುಣೆ)

ಅಕ್ಕ, ಮೊದಲನೆಯದಕ್ಕೆ ನಾನು ಉತ್ತರಿಸುತ್ತೇನೆ. ನನಗೆ ಅತ್ಯಂತ ಪ್ರಿಯವಾದ ವಿಷಯ ಇದು.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ರಿಬಲ್ ನಿಲ್ಲಿಸಿ ಚೆಂಡು ಕೈಗೆ ತೆಗೆದುಕೊಂಡ ಮೇಲೆ ಒಂದು ಪಾದ ನೆಲಕ್ಕೆ ನೆಟ್ಟಿರಬೇಕು. ಆ ಪಾದವನ್ನೇ ಕೇಂದ್ರವಾಗಿಟ್ಟುಕೊಂಡು ಇನ್ನೊಂದು ಕಾಲನ್ನು ಯಾವ ಕಡೆಗಾದರೂ ತಿರುಗಿಸಬಹುದು. ಇದಕ್ಕೆ ಪಿವೋಟ್ ಎನ್ನುತ್ತೇವೆ. ಎತ್ತರದ ಆಟಗಾರರಲ್ಲಿ ಹೆಚ್ಚಿನವರಿಗೆ ಸಣ್ಣಂದಿನಿಂದ ಕಲಿಸುವುದು ಕೈ ಮೇಲೆತ್ತಿ ನಿಲ್ಲುವುದನ್ನು. ಕಾಲಿನ ಕೆಲಸ ಕಲಿಸುವವರು ಕಡಿಮೆ, ಏಕೆಂದರೆ ಎತ್ತರವೇ ಅರ್ಧ ಕೆಲಸ ಮಾಡಿಬಿಡುತ್ತದೆ. ಒಲಾಜುವಾನ್ ಈ ಆಟಕ್ಕೆ ಬರುವಾಗಲೇ ಅವರ ಕಾಲುಗಳು ಬೇರೆ ಆಟದಲ್ಲಿ ಪಳಗಿದ್ದವು. ಗೋಲ್‌ಕೀಪರ್ ಪಕ್ಕಕ್ಕೆ ಜಾರುತ್ತಾನೆ, ಹಿಮ್ಮಡಿಯ ಮೇಲೆ ಭಾರ ಹಾಕುವುದಿಲ್ಲ, ಯಾವ ದಿಕ್ಕಿಗೂ ಹಾರಲು ಸಿದ್ಧನಾಗಿ ನಿಲ್ಲುತ್ತಾನೆ. ಚೆಂಡು ಒದೆಯುವವನ ಮೈ ನೋಡಿ ಅದು ಯಾವ ಕಡೆ ಬರುತ್ತದೆಂದು ಓದುತ್ತಾನೆ.

ಅವರ ಹೆಸರಾಂತ ಚಲನೆಗೆ ‘ಡ್ರೀಮ್ ಶೇಕ್’ ಎಂದು ಹೆಸರು. ಬುಟ್ಟಿಗೆ ಬೆನ್ನು ಮಾಡಿ, ಬುಟ್ಟಿಯ ಹತ್ತಿರ ಬದಿಯಲ್ಲಿ ಚೆಂಡು ಪಡೆಯುತ್ತಾರೆ. ಭುಜವನ್ನು ಒಳಗಡೆಗೆ ಒಂದಿಷ್ಟು ಬಾಗಿಸುತ್ತಾರೆ. ಹಿಂದೆ ನಿಂತ ಎದುರಾಳಿ ಆ ಕಡೆ ಸರಿದರೆ ಇವರು ಅಂಗಳದ ಅಂಚಿನ ಗೆರೆಯ ಕಡೆಗೆ ತಿರುಗಿ ಹಿಂದಕ್ಕೆ ಜಿಗಿದು ಹೊಡೆಯುತ್ತಾರೆ. ಎದುರಾಳಿ ಮೋಸಹೋಗದೆ ಹೊಡೆತ ತಡೆಯಲು ಮೇಲೆ ಹಾರಿದರೆ ಇವರು ಹಾರುವುದೇ ಇಲ್ಲ. ಚೆಂಡು ತೋರಿಸಿ, ಅವನು ಗಾಳಿಯಲ್ಲಿರುವಾಗ ಅವನ ತೋಳಿನ ಕೆಳಗೆ ಕಾಲಿಟ್ಟು ನುಗ್ಗಿ ಹಾಕುತ್ತಾರೆ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಭುಜವನ್ನು ಒಂದು ಕಡೆ ತೋರಿಸಿ ಕಾಲನ್ನು ಇನ್ನೊಂದು ಕಡೆ ಎಳೆಯುತ್ತಾನಲ್ಲ, ಹಾಗೆ. ಒಂದಕ್ಕೆ ಉತ್ತರ ಕಂಡುಕೊಂಡರೆ ಅದರ ಒಳಗೇ ಇನ್ನೊಂದು ಕಾದಿರುತ್ತದೆ.

ಇದರ ಅತಿ ದೊಡ್ಡ ಪ್ರದರ್ಶನ 1995ರ ಪಶ್ಚಿಮ ವಲಯದ ಫೈನಲ್. ಎದುರಿಗೆ ಸ್ಯಾನ್ ಆಂಟೋನಿಯೊದ ಡೇವಿಡ್ ರಾಬಿನ್ಸನ್, ಆ ವರ್ಷದ ಅತ್ಯಮೂಲ್ಯ ಆಟಗಾರ. ಎರಡನೆಯ ಪಂದ್ಯಕ್ಕೆ ಮೊದಲು ಅಂಗಳದಲ್ಲೇ ರಾಬಿನ್ಸನ್‌ಗೆ ಪ್ರಶಸ್ತಿ ಕೊಟ್ಟರು. ಒಲಾಜುವಾನ್ ನಿಂತು ನೋಡಿದರು, ಆಮೇಲೆ 41 ಅಂಕ ಗಳಿಸಿದರು. ಆರು ಪಂದ್ಯಗಳಲ್ಲಿ ಸರಾಸರಿ 35.3. ರಾಬಿನ್ಸನ್ ಸಾಮಾನ್ಯರಲ್ಲ, ನೌಕಾಪಡೆಯ ಅಕಾಡೆಮಿಯಲ್ಲಿ ಓದಿದವರು, ಅದ್ಭುತ ರಕ್ಷಣಾ ಆಟಗಾರ. ಅಂಥವರು ಗಾಳಿಯಲ್ಲಿ ತೇಲುತ್ತಿರುವಾಗ ಒಲಾಜುವಾನ್ ಕೆಳಗಿನಿಂದ ದಾಟಿಹೋಗುವ ದೃಶ್ಯವನ್ನು ನಾನು ಪ್ರತಿ ಹೊಸ ತಂಡಕ್ಕೂ ನಿಧಾನಗತಿಯಲ್ಲಿ ತೋರಿಸುತ್ತೇನೆ.

ಇನ್ನೊಂದು ಮಾತು. ಅವರ ಎತ್ತರ ದಾಖಲೆಯಲ್ಲಿ ಏಳು ಅಡಿ. ನಿಜವಾದ ಎತ್ತರ ಆರು ಅಡಿ ಹತ್ತು ಇಂಚಿನ ಹತ್ತಿರ. ತನಗಿಂತ ಎತ್ತರದವರ ಎದುರು ಆಡಬೇಕಾಗಿದ್ದರಿಂದಲೇ ಅವರು ಪಾದಗಳನ್ನು ಅಷ್ಟು ನಂಬಿದರು ಎಂದು ನನ್ನ ಅನಿಸಿಕೆ.

ಮಾಟುಂಗಾ ಮೇಷ್ಟ್ರು

ಎರಡನೆಯ ಪ್ರಶ್ನೆಗೆ ನಾನು. ತಾಯಿ, ನೀವು ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದೀರಿ. ಎಲ್ಲರೂ ಗೆದ್ದ ಕಥೆ ಹೇಳುತ್ತಾರೆ, ನಡುವಿನ ಬರಗಾಲವನ್ನು ದಾಟಿ ಹೋಗುತ್ತಾರೆ.

ಆರಂಭ ಜೋರಾಗಿತ್ತು. ಏಳಡಿ ನಾಲ್ಕು ಇಂಚಿನ ರಾಲ್ಫ್ ಸ್ಯಾಂಪ್ಸನ್ ಜೊತೆ ಸೇರಿ ‘ಅವಳಿ ಗೋಪುರ’ ಎನಿಸಿಕೊಂಡರು. 1986ರಲ್ಲಿ ಲೇಕರ್ಸ್ ತಂಡವನ್ನು 4-1ರಿಂದ ಮಣಿಸಿ ಫೈನಲ್ ತಲುಪಿದರು. ಅಲ್ಲಿ ಬಾಸ್ಟನ್ 4-2ರಿಂದ ಗೆದ್ದಿತು. ಆಮೇಲೆ ಸ್ಯಾಂಪ್ಸನ್ ಗಾಯದಿಂದ ಗಾಯಕ್ಕೆ ಬಿದ್ದರು, 1987ರಲ್ಲಿ ಬೇರೆ ತಂಡಕ್ಕೆ ಹೋದರು. 1988ರಿಂದ 1991ರವರೆಗೆ ನಾಲ್ಕು ವರ್ಷವೂ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋಲು. 1992ರಲ್ಲಿ ಪ್ಲೇಆಫ್‌ಗೇ ಹೋಗಲಿಲ್ಲ.

ಆ ಬರಗಾಲದಲ್ಲೇ ಒಂದು ಘಟನೆ ಇದೆ. 1990ರ ಮಾರ್ಚ್ 3ರಂದು, ಗೋಲ್ಡನ್ ಸ್ಟೇಟ್ ಎದುರು, ಅಂಕ, ರೀಬೌಂಡ್, ಬ್ಲಾಕ್ ಮೂರರಲ್ಲೂ ಎರಡಂಕಿ ದಾಟಿದರು. ಅಸಿಸ್ಟ್ (ಜೊತೆಯವನ ಅಂಕಕ್ಕೆ ದಾರಿಮಾಡಿಕೊಟ್ಟ ಪಾಸ್) ಒಂಬತ್ತಕ್ಕೆ ನಿಂತಿತ್ತು. ತಂಡದವರು ವಿಡಿಯೊ ನೋಡಿ ಹತ್ತು ಎಂದು ತಿದ್ದಿದರು. ಲೀಗ್ ಅದನ್ನು ಒಪ್ಪಲಿಲ್ಲ. ಅದೇ ತಿಂಗಳ 29ರಂದು ಮಿಲ್ವಾಕಿ ಎದುರು 18 ಅಂಕ, 16 ರೀಬೌಂಡ್, 10 ಅಸಿಸ್ಟ್, 11 ಬ್ಲಾಕ್. ಈ ಬಾರಿ ಯಾರೂ ತಿದ್ದಬೇಕಾಗಿರಲಿಲ್ಲ. ಒಂದೇ ಪಂದ್ಯದಲ್ಲಿ ನಾಲ್ಕು ವಿಭಾಗಗಳಲ್ಲಿ ಎರಡಂಕಿ ತಲುಪಿದವರು ಎನ್‌ಬಿಎ ಇತಿಹಾಸದಲ್ಲಿ ನಾಲ್ವರು ಮಾತ್ರ.

1991ರ ಜನವರಿಯಲ್ಲಿ ಚಿಕಾಗೊದ ಬಿಲ್ ಕಾರ್ಟ್‌ರೈಟ್ ಅವರ ಮೊಣಕೈ ತಗುಲಿ ಕಣ್ಣಿನ ಸುತ್ತಲಿನ ಮೂಳೆ ಮುರಿಯಿತು. ಸುಮಾರು ಎರಡು ತಿಂಗಳು ಆಡಲಾಗಲಿಲ್ಲ. 1992ರಲ್ಲಿ ಇನ್ನೂ ಕೆಟ್ಟದ್ದು: ತೊಡೆಯ ಹಿಂಭಾಗದ ಸ್ನಾಯು ನೋವೆಂದರೆ ತಂಡದ ಆಡಳಿತ ನಂಬಲಿಲ್ಲ, ಅವರನ್ನು ಅಮಾನತು ಮಾಡಿತು. ತನ್ನನ್ನು ಬೇರೆ ತಂಡಕ್ಕೆ ಕಳಿಸಿ ಎಂದು ಅವರು ಕೇಳಿದರು. ಮೂವತ್ತರ ಅಂಚಿನಲ್ಲಿದ್ದರು. ಅವರ ಕಾಲ ಮುಗಿಯಿತು ಎಂದು ಆ ಹೊತ್ತಿಗೆ ಹಲವರು ತೀರ್ಮಾನಿಸಿದ್ದರು.

ಆ ವರ್ಷದ ಕೊನೆಗೆ ರಾಕೆಟ್ಸ್ ಋತುವಿನ ಮೊದಲ ಪಂದ್ಯಗಳನ್ನು ಜಪಾನಿನಲ್ಲಿ ಆಡಬೇಕಿತ್ತು. ಆ ದೀರ್ಘ ವಿಮಾನಯಾನದಲ್ಲಿ ಒಲಾಜುವಾನ್ ಮತ್ತು ತಂಡದ ಮಾಲೀಕ ಚಾರ್ಲಿ ಥಾಮಸ್ ಕುಳಿತು ಮಾತಾಡಿ ಜಗಳ ತೀರಿಸಿಕೊಂಡರು. ಅಷ್ಟರಲ್ಲಿ ರೂಡಿ ಟಾಮ್ಜಾನೊವಿಚ್ ತರಬೇತುದಾರರಾಗಿದ್ದರು. ಅವರು ಒಲಾಜುವಾನ್ ಸುತ್ತ ದೂರದಿಂದ ಹೊಡೆಯುವವರನ್ನು ನಿಲ್ಲಿಸಿದರು. ಇಬ್ಬರು ಸೇರಿ ಇವರನ್ನು ಮುತ್ತಿದರೆ ಚೆಂಡು ಹೊರಗಿರುವ ಒಂಟಿಗನಿಗೆ ಹೋಗುತ್ತಿತ್ತು. ಅಲ್ಲಿಯವರೆಗೆ ಪಾಸ್ ಕೊಡುವುದು ಒಲಾಜುವಾನ್ ಅವರ ಬಲವೇನೂ ಆಗಿರಲಿಲ್ಲ. ಮೂವತ್ತರಲ್ಲಿ ಅದನ್ನು ಕಲಿತರು. ಹದಿನೈದಕ್ಕೆ ಆಟ ಹಿಡಿದದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇದು.

ಡೊಂಬಿವಲಿ ಲೋಕಲ್

ಮೇಷ್ಟ್ರೇ, ಇಷ್ಟು ಓದಿದ ಮೇಲೆ ನನ್ನ ತಕರಾರು ಸ್ವಲ್ಪ ಸಣ್ಣದಾಗಿದೆ. ಆದರೂ ವಾಸ್ಕೋದ ಅಕ್ಕನಿಗೆ ಒಂದು ಮಾತು ಹೇಳಲೇಬೇಕು. ಹದಿನೈದಕ್ಕೆ ಆರಂಭಿಸಿ ಒಲಾಜುವಾನ್ ಆದವರು ಒಬ್ಬರು. ಹದಿನೈದಕ್ಕೆ ಆರಂಭಿಸಿ ಎಲ್ಲಿಯೂ ತಲುಪದವರ ಲೆಕ್ಕ ಯಾರ ಹತ್ತಿರವೂ ಇಲ್ಲ. ಭಾರತದಿಂದ ಎನ್‌ಬಿಎ ಆಯ್ಕೆಯಲ್ಲಿ ಮೊದಲು ಹೆಸರು ಬಂದವರು ಪಂಜಾಬಿನ ಸತ್ನಾಮ್ ಸಿಂಗ್, 2015ರಲ್ಲಿ, 52ನೆಯ ಸ್ಥಾನದಲ್ಲಿ ಡಲ್ಲಾಸ್ ತಂಡಕ್ಕೆ. ಏಳಡಿ ಎತ್ತರವಿದ್ದೂ ಅವರು ಒಂದು ಎನ್‌ಬಿಎ ಪಂದ್ಯವನ್ನೂ ಆಡಲಿಲ್ಲ. 2019ರ ಅಕ್ಟೋಬರ್‌ನಲ್ಲಿ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಸ್ಯಾಕ್ರಮೆಂಟೊ ಮತ್ತು ಇಂಡಿಯಾನಾ ತಂಡಗಳು ಆಡಿದಾಗ ನಾನು ಹೋಗಿದ್ದೆ. ಟಿವಿಯಲ್ಲಿ ತಿಳಿಯುವುದಿಲ್ಲ, ಆ ಎತ್ತರದವರು ಆ ವೇಗದಲ್ಲಿ ಓಡುವುದನ್ನು ಹತ್ತಿರದಿಂದ ನೋಡಿದರೆ ನಮ್ಮ ಮಕ್ಕಳು ಎಷ್ಟು ದೂರ ಹೋಗಬೇಕೆಂದು ಅರಿವಾಗುತ್ತದೆ.

ಡೆಕ್ಕನ್ ಅಂಗಳ (ಪುಣೆ)

ನಿಮ್ಮ ಎಚ್ಚರಿಕೆ ಬೇಕಾದದ್ದೇ. ಎನ್‌ಬಿಎ ಕನಸು ಕಟ್ಟಿಕೊಂಡು ಓದು ಬಿಡುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಹುಡುಗ ಕೇಳುತ್ತಿರುವುದು ಅಂಗಳಕ್ಕಿಳಿಯಲು ಅನುಮತಿ. ಅದಕ್ಕೆ ಹದಿನೈದು ಖಂಡಿತ ತಡವಲ್ಲ. ಕ್ಯಾಮರೂನ್‌ನ ಜೋಯೆಲ್ ಎಂಬೀಡ್ ಕೂಡ ಹದಿನೈದರ ಆಸುಪಾಸಿನಲ್ಲೇ ಈ ಆಟಕ್ಕೆ ಬಂದವರು, ಅದಕ್ಕೆ ಮುಂಚೆ ವಾಲಿಬಾಲ್, ಫುಟ್‌ಬಾಲ್. ತರಬೇತುದಾರರೊಬ್ಬರು ಕೊಟ್ಟ ಡಿವಿಡಿಯಲ್ಲಿ ಒಲಾಜುವಾನ್ ಆಟವನ್ನು ನೋಡಿ ನೋಡಿ ಕಲಿತೆ ಎಂದು ಅವರೇ ಹೇಳಿದ್ದಾರೆ. 2023ರಲ್ಲಿ ಎನ್‌ಬಿಎಯ ಅತ್ಯಮೂಲ್ಯ ಆಟಗಾರ.

ಅಕ್ಕ, ಮಗ ಫುಟ್‌ಬಾಲ್ ಬಿಡಬೇಕಾಗಿಲ್ಲ. ವಾರದಲ್ಲಿ ಕೆಲವು ದಿನ ಅದು, ಕೆಲವು ದಿನ ಇದು. ಮೊದಲ ತಿಂಗಳುಗಳಲ್ಲಿ ಅವನಿಗೆ ಪಿವೋಟ್, ಎರಡೂ ಕೈಯ ಲೇಅಪ್ (ಓಡಿಬಂದು ಹತ್ತಿರದಿಂದ ಚೆಂಡನ್ನು ಬುಟ್ಟಿಗೆ ಹಾಕುವುದು), ನೆಲದ ಮೇಲೆ ಸರಿಯಾಗಿ ಇಳಿಯುವುದು, ಇಷ್ಟೇ ಕಲಿಸಲು ಹೇಳಿ. ಒಮ್ಮೆಲೇ ಎತ್ತರವಾದ ಮಕ್ಕಳಿಗೆ ಮೊಣಕಾಲಿನ ಕೆಳಗೆ ನೋವು ಬರುವುದುಂಟು. ಬಂದರೆ ತಳ್ಳಿಹಾಕದೆ ವೈದ್ಯರಿಗೆ ತೋರಿಸಿ, ಅಭ್ಯಾಸ ಕಡಿಮೆ ಮಾಡಿಸಿ.

ಫೋಂಡಾದ ಓದುಗ

ಆಟ ಬಿಟ್ಟ ಮೇಲೆ ಅವರು ಏನು ಮಾಡುತ್ತಿದ್ದಾರೆ? ನಮ್ಮಲ್ಲಿ ಎಷ್ಟೋ ಹಳೆಯ ಆಟಗಾರರು ನಿವೃತ್ತರಾದ ಮೇಲೆ ಕಷ್ಟದಲ್ಲಿರುವುದನ್ನು ಓದುತ್ತೇವೆ. ಅದಕ್ಕೆ ಕೇಳಿದೆ.

ನಾಗಪಾಡಾ34 (ಮುಂಬೈ)

2001ರಲ್ಲಿ ಹ್ಯೂಸ್ಟನ್ ಬಿಟ್ಟು ಟೊರಾಂಟೊಗೆ ಹೋದರು. ಒಂದೇ ಋತು. ಬೆನ್ನು ನೋವು ಬಿಡಲಿಲ್ಲ, 2002ರಲ್ಲಿ ನಿಲ್ಲಿಸಿದರು. ಆ ಒಂದು ವರ್ಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹ್ಯೂಸ್ಟನ್ ಅವರ 34ನೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದಂತೆ ಮೇಲೇರಿಸಿತು. 2008ರಲ್ಲಿ ಹಾಲ್ ಆಫ್ ಫೇಮ್ ಎಂಬ ಶ್ರೇಷ್ಠರ ಗೌರವ ಪಟ್ಟಿಗೆ ಸೇರಿದರು.

ಹಣದ ವಿಷಯ ಕೇಳಿದಿರಿ. ಅವರು ಹ್ಯೂಸ್ಟನ್‌ನಲ್ಲಿ ಜಮೀನು, ಕಟ್ಟಡಗಳ ವ್ಯವಹಾರ ಮಾಡಿ ಆಟದಾಚೆಗೂ ದೊಡ್ಡ ಗಳಿಕೆ ಮಾಡಿದರು. ಬಡ್ಡಿ ಇಸ್ಲಾಂನಲ್ಲಿ ನಿಷಿದ್ಧವಾದ್ದರಿಂದ ಸಾಲ ತೆಗೆಯದೆ ನಗದು ಕೊಟ್ಟೇ ಕೊಳ್ಳುತ್ತಿದ್ದರು. ನಗರದ ನಡುವೆ 1928ರ ಹಳೆಯ ಬ್ಯಾಂಕ್ ಕಟ್ಟಡವೊಂದಿತ್ತು. ದೊಡ್ಡ ಕಂಬಗಳು, ಎತ್ತರದ ಮಾಡು. ಅದನ್ನು ಕೊಂಡು ಮಸೀದಿಯೂ ಇಸ್ಲಾಮೀ ಕೇಂದ್ರವೂ ಆಗಿಸಿದರು. ನನ್ನ ಅಬ್ಬಾಗೆ ಅವರ ಎರಡು ಚಾಂಪಿಯನ್ ಪಟ್ಟಗಳಿಗಿಂತ ಈ ಸಂಗತಿ ಇಷ್ಟ.

ಇನ್ನೊಂದು ಸಂಗತಿ ನಮ್ಮಂಥ ಪೇಟೆಯವರಿಗೆ ಮುಟ್ಟುತ್ತದೆ. ತೊಂಬತ್ತರ ದಶಕದಲ್ಲಿ ತಾರೆಯರ ಹೆಸರಿನ ಶೂಗಳು ನೂರು ಡಾಲರ್ ದಾಟಿದ್ದವು. ಒಲಾಜುವಾನ್ ತಮ್ಮ ಹೆಸರನ್ನು ಕೊಟ್ಟದ್ದು ಸ್ಪಾಲ್ಡಿಂಗ್ ಕಂಪನಿಯ ಕಡಿಮೆ ಬೆಲೆಯ ಶೂಗೆ, ಸುಮಾರು 35 ಡಾಲರ್‌ನದು. ಮೂರು ಗಂಡುಮಕ್ಕಳ ಬಡ ತಾಯಿ ದುಬಾರಿ ಶೂ ಎಲ್ಲಿಂದ ತರಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಈಗಲೂ ನಮ್ಮ ಅಂಗಳದಲ್ಲಿ ಅಣ್ಣನ ಶೂಗಳನ್ನೇ ತಮ್ಮ ಹಾಕಿಕೊಂಡು ಆಡುತ್ತಾನೆ.

ಮಾಟುಂಗಾ ಮೇಷ್ಟ್ರು

ಒಂದನ್ನು ಸೇರಿಸುತ್ತೇನೆ. ಅವರು 1993ರಲ್ಲಿ ಅಮೆರಿಕದ ಪೌರರಾದರು, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆ ದೇಶಕ್ಕೆ ಚಿನ್ನ ಗೆದ್ದರು. ಹುಡುಗನಾಗಿದ್ದಾಗ ನೈಜೀರಿಯಾದ ಕಿರಿಯರ ತಂಡಕ್ಕೆ ಆಡಿದ್ದರಿಂದ ಅದಕ್ಕೆ ವಿಶೇಷ ಅನುಮತಿ ಬೇಕಾಯಿತು. ಎರಡು ನೆಲಕ್ಕೆ ಸೇರಿದವರ ಸಂಕಟ ಮುಂಬೈಯಲ್ಲಿ ಎಪ್ಪತ್ತು ವರ್ಷ ಕಳೆದ ನಮ್ಮಂಥ ಕನ್ನಡಿಗರಿಗೆ ಹೊಸದಲ್ಲ. ಅವರು ಲಾಗೋಸನ್ನೂ ಬಿಡಲಿಲ್ಲ, ಹ್ಯೂಸ್ಟನ್ನನ್ನೂ ಬಿಡಲಿಲ್ಲ.

ಮತ್ತೆ, ಅವರ ಪಾಠಶಾಲೆ. ಒಲಾಜುವಾನ್ ನಿವೃತ್ತರಾದ ಮೇಲೆ, 2009ರಲ್ಲಿ, ಕೋಬಿ ಬ್ರಯಂಟ್ ಅವರ ಬಳಿ ಹೋಗಿ ಬುಟ್ಟಿಗೆ ಬೆನ್ನು ಮಾಡಿ ಆಡುವ ವಿದ್ಯೆ ಕಲಿತರು. ಆ ಹೊತ್ತಿಗೆ ಬ್ರಯಂಟ್ ನಾಲ್ಕು ಬಾರಿ ಚಾಂಪಿಯನ್ ಆಗಿದ್ದವರು! 2011ರಲ್ಲಿ ಫೈನಲ್ ಸೋತ ಬೇಸಿಗೆಯಲ್ಲಿ ಲೆಬ್ರಾನ್ ಜೇಮ್ಸ್ ಹೋದರು. ಮರುವರ್ಷ ಮೊದಲ ಪಟ್ಟ ಗೆದ್ದರು. ಮೋಸೆಸ್ ಮಲೋನ್ ಫೋಂಡ್‌ನಲ್ಲಿ ಕೊಟ್ಟದ್ದನ್ನು ಇವರು ಹೀಗೆ ಹಂಚಿದರು.

ವಾಸ್ಕೋ ತಾಯಿ

ಇವೆಲ್ಲವನ್ನೂ ಯಜಮಾನರಿಗೂ ಓದಿಸಿದೆ. ಅವರಿಗೆ ಹಿಡಿಸಿದ್ದು ಮೂವತ್ತಕ್ಕೆ ಪಾಸ್ ಕೊಡಲು ಕಲಿತ ಭಾಗ. ಮಗ ಈಗ ಪೂರ್ತಿ ಪಂದ್ಯಗಳನ್ನೇ ನೋಡಬೇಕು ಎನ್ನುತ್ತಿದ್ದಾನೆ. ಯಾವುದರಿಂದ ಆರಂಭಿಸಲಿ?

ಡೆಕ್ಕನ್ ಅಂಗಳ (ಪುಣೆ)

1995ರ ಸ್ಯಾನ್ ಆಂಟೋನಿಯೊ ಸರಣಿಯ ಎರಡನೆಯ ಪಂದ್ಯ ಮೊದಲು. ಮೊದಲ ಸಲ ಹಾಗೇ ನೋಡಲಿ, ಎರಡನೆಯ ಸಲ ಒಲಾಜುವಾನ್ ಅವರ ಸೊಂಟದಿಂದ ಕೆಳಗೆ ಮಾತ್ರ ನೋಡಲಿ. ಆಮೇಲೆ 1986ರ ಲೇಕರ್ಸ್ ಸರಣಿ, ಎಳೆಯ ವಯಸ್ಸಿನ ಓಟ ಹೇಗಿತ್ತೆಂದು ತಿಳಿಯಲು. 1983ರ ಕಾಲೇಜು ಫೈನಲ್ ಕೂಡ ಇರಲಿ. 1994ರ ಏಳನೆಯ ಪಂದ್ಯವನ್ನು ಕೊನೆಗೆ ಇಟ್ಟುಕೊಳ್ಳಿ. ಅದು ನೋಡಲು ಸುಂದರವಾದ ಪಂದ್ಯವಲ್ಲ, ಎರಡೂ ಕಡೆ ತಳ್ಳಾಟ, ರಕ್ಷಣೆಯೇ ಹೆಚ್ಚು. ಆಟ ಸ್ವಲ್ಪ ಅರ್ಥವಾದ ಮೇಲೆ ನೋಡಿದರೆ ಅಲ್ಲಿ ಅವರು ಎಷ್ಟು ಕೆಲಸ ಮಾಡುತ್ತಿದ್ದಾರೆಂದು ಹುಡುಗನಿಗೆ ಕಾಣುತ್ತದೆ.